ಅಪರಾಧದ ವಿರುದ್ಧ ಕೂಗು: ಯಾರ ಕೂಗು? ಯಾರ ಮೇಲೆ?

"ಅಪರಾಧಗಳು ಮಿತಿಮೀರಿವೆ, ಕಾಯಿದೆ ಬಿಗಿಯಾಗಬೇಕು" ಎಂಬ ಕೂಗು ನಮ್ಮ ದೇಶದಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಪತ್ರಿಕೆಗಳು ಕೂಗುತ್ತವೆ, ಪುಢಾರಿಗಳು ಕೂಗುತ್ತಾರೆ, ವರ್ತಕರ ಸಂಘ ಠರಾವು ಪಾಸು ಮಾಡುತ್ತದೆ, ಗಿರಣಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರು ಸಹಿ ಕೇಳುತ್ತಾರೆ. ಕಳ್ಳತನ ಬೇಡ, ಕೊಲೆ ಬೇಡ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಬೇಡ ಎನ್ನುವುದಕ್ಕೆ ಯಾರ ಅಡ್ಡಿ? ನಾವೂ ಸಹಿ ಮಾಡಿಬಿಡುತ್ತೇವೆ. ಆ ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಓದುವುದಿಲ್ಲ.

ಓದಬೇಡಿರೆಂದು ಹೇಳುವ ಬುದ್ಧಿವಂತರೂ ಇದ್ದಾರೆ. "ಅಪರಾಧಕ್ಕೆ ಜಾತಿಯಿಲ್ಲ, ವರ್ಗವಿಲ್ಲ, ಅಪರಾಧವನ್ನು ಅಡಗಿಸುವ ಚಳವಳಿಗೂ ಜಾತಿಯಿಲ್ಲ, ವರ್ಗವಿಲ್ಲ. ಅದು ಎಲ್ಲಿ ಹುಟ್ಟಿದರೇನು, ಯಾರು ನಡೆಸಿದರೇನು?" ಎಂಬುದು ಅವರ ವಾದ. ಕೇಳಲು ಸೊಗಸಾಗಿರುವ ಈ ಮಾತು ಬರೀ ಸುಳ್ಳು. ಕಳೆದ ಇನ್ನೂರೈವತ್ತು ವರ್ಷಗಳ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ. ಅಪರಾಧದ ಹೆಸರಿನಲ್ಲಿ ನಡೆದ ಚಳವಳಿಗಳಲ್ಲಿ ಕೆಲವು ಬಡವನ ಕೊರಳಿಗೆ ಹಗ್ಗ ಹಾಕಿವೆ, ಕೆಲವು ಆ ಹಗ್ಗವನ್ನು ಬಿಚ್ಚಿವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಜ್ಞಾನ, ಇಲ್ಲವೆ ವಂಚನೆ.

ಆದುದರಿಂದ ಇಂಥ ಕೂಗು ಎದ್ದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದು ಯಾರಿಂದ ಹುಟ್ಟಿತು? ಇದು ಯಾವ ಕೃತ್ಯವನ್ನು ಅಪರಾಧವೆಂದು ಎಣಿಸುತ್ತದೆ, ಯಾವುದನ್ನು ಎಣಿಸದೆ ಬಿಡುತ್ತದೆ? ಇದು ಗೆದ್ದ ಮೇಲೆ ಅಧಿಕಾರ ಯಾರ ಕೈಗೆ ಸೇರುತ್ತದೆ? ಈ ಮೂರು ಪ್ರಶ್ನೆಗಳನ್ನು ಹಿಡಿದು ಇತಿಹಾಸದ ಪುಟಗಳನ್ನು ಸ್ವಲ್ಪ ತಿರುವೋಣ.

ಹಮಾಲನ ಮಾಮೂಲು ಕಳ್ಳತನವಾದ ಬಗೆ

ಲಂಡನ್ನಿನ ಥೇಮ್ಸ್ ನದಿಯ ಬಂದರಿನಲ್ಲಿ 1798ರಲ್ಲಿ ಹೊಸದೊಂದು ಪೊಲೀಸು ಪಡೆ ಹುಟ್ಟಿತು. ನಗರದ ಸಾಮಾನ್ಯ ಪೊಲೀಸು ಪಡೆ ಹುಟ್ಟುವುದಕ್ಕೆ ಅದು 31 ವರ್ಷ ಮುಂಚಿನ ಮಾತು. ಅದನ್ನು ಕೇಳಿದವರು ಯಾರು? ಮನೆಯಲ್ಲಿ ಕಳವಾದ ಬಡವರಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರಿಂದ ದುಡಿಸಿ ಸಕ್ಕರೆ ತರಿಸುತ್ತಿದ್ದ ಸಾಹುಕಾರರು ಕೇಳಿದರು. ಪ್ಯಾಟ್ರಿಕ್ ಕಾಲ್ಕೂನ್ ಎಂಬ ಮ್ಯಾಜಿಸ್ಟ್ರೇಟನು ಯೋಜನೆ ಬರೆದುಕೊಟ್ಟನು. ಖರ್ಚಿನ ಬಹುಪಾಲನ್ನು ಸಾಹುಕಾರರೇ ಕೊಟ್ಟರು. 1800ರಲ್ಲಿ ಪಾರ್ಲಿಮೆಂಟು ಅದನ್ನು ಸರಕಾರಿ ಪೊಲೀಸನ್ನಾಗಿ ಮಾಡಿ ಖರ್ಚನ್ನು ಜನರ ತಲೆಗೆ ಕಟ್ಟಿತು.

ಅವರು ಹಿಡಿಯಹೊರಟ ಅಪರಾಧವೇನು? ಮೂಟೆ ಇಳಿಸುವಾಗ ಚೆಲ್ಲಿದ ಸಕ್ಕರೆಯನ್ನು ಗುಡಿಸಿಕೊಂಡು ಹೋಗುವುದು ಹಮಾಲರ ಹಳೆಯ ಮಾಮೂಲಾಗಿತ್ತು. ಹಡಗು ಕಟ್ಟುವ ಬಡಗಿ ಉಳಿದ ಮರದ ತುಂಡನ್ನು ಮನೆಗೆ ಒಯ್ಯುತ್ತಿದ್ದನು. ಕೂಲಿ ಕಡಿಮೆ, ಈ ಮಾಮೂಲೂ ಸೇರಿದರೆ ಮಾತ್ರ ಹೊಟ್ಟೆ ತುಂಬುತ್ತಿತ್ತು. ಒಂದು ದಿನ ಮಾಲೀಕರು ಇದನ್ನು "ಲೂಟಿ" ಎಂದು ಕರೆದರು. ನಿನ್ನೆಯವರೆಗೆ ಕೂಲಿಯ ಭಾಗವಾಗಿದ್ದದ್ದು ಇಂದು ಜೈಲಿನ ದಾರಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಲಿದ್ದಲು ಹೊರುವ ಹಮಾಲರು ಆ ಪೊಲೀಸು ಕಚೇರಿಯ ಮೇಲೆ ಮುತ್ತಿಗೆ ಹಾಕಿದುದರಲ್ಲಿ ಆಶ್ಚರ್ಯವೇನಿದೆ? ಮನುಷ್ಯರನ್ನೇ ಕದ್ದು ಮಾರಿ ಸಕ್ಕರೆ ಬೆಳೆಸಿದವನು ಗೌರವಸ್ಥ. ಚೆಲ್ಲಿದ ಸಕ್ಕರೆಯನ್ನು ಗುಡಿಸಿದವನು ಕಳ್ಳ! ಅಪರಾಧದ ವಿರುದ್ಧ ಎದ್ದ ಕೂಗಿನ ಒಂದು ಬೇರು ಇಲ್ಲಿದೆ.

ಗಲ್ಲಿನ ಕಾಯಿದೆ ಮತ್ತು ವರ್ತಕರ ಅರ್ಜಿ

ಅದೇ ಇಂಗ್ಲೆಂಡಿನಲ್ಲಿ ಆಗ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಶಿಕ್ಷೆಯಿತ್ತು. ಅಂಗಡಿಯಿಂದ ಐದು ಷಿಲಿಂಗಿನ ಮಾಲು ಕದ್ದರೆ ಗಲ್ಲು. ಸಾಲದೆಂದು 1812ರಲ್ಲಿ ಇನ್ನೊಂದು ಸೇರಿತು. ಹೊಸ ಯಂತ್ರಗಳಿಂದ ಕೂಲಿ ಕಡಿತಗೊಂಡ ನೇಕಾರರು ಯಂತ್ರಗಳನ್ನು ಒಡೆಯತೊಡಗಿದ್ದರು. ಯಂತ್ರ ಒಡೆದವನಿಗೆ ಮರಣದಂಡನೆ ಎಂದು ಸರಕಾರ ಮಸೂದೆ ತಂದಿತು. ಕವಿ ಬೈರನ್ನನು ಪ್ರಭುಗಳ ಸಭೆಯಲ್ಲಿ ತನ್ನ ಮೊತ್ತಮೊದಲ ಭಾಷಣದಲ್ಲಿ ಈ ಮಸೂದೆಯನ್ನು ವಿರೋಧಿಸಿದನು, ಪ್ರಭುಗಳು ಕಿವಿಗೊಡಲಿಲ್ಲ. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಈ ದಂಗೆಗೆ ಸಂಬಂಧಿಸಿದ ಹದಿನೇಳು ಮಂದಿಯನ್ನು ಗಲ್ಲಿಗೇರಿಸಿದರು. ಒಂದು ಯಂತ್ರದ ಬೆಲೆ ಒಂದು ಪ್ರಾಣ ಎಂದು ಮಾಲೀಕರು ಲೆಕ್ಕ ಹಾಕಿದ್ದರು.

ಆದರೆ ಇದೇ ಹೊತ್ತಿನಲ್ಲಿ ಇನ್ನೊಂದು ಚಳವಳಿಯೂ ನಡೆದಿತ್ತು. ಸ್ಯಾಮ್ಯುಯೆಲ್ ರೊಮಿಲಿ ಎಂಬ ವಕೀಲನು ಗಲ್ಲಿನ ಕಾಯಿದೆಗಳನ್ನು ಒಂದೊಂದಾಗಿ ತೆಗೆಸಲು ಹೋರಾಡುತ್ತಿದ್ದನು. 1808ರಲ್ಲಿ ಜೇಬುಗಳ್ಳತನಕ್ಕೆ ಇದ್ದ ಗಲ್ಲನ್ನು ತೆಗೆಸಿದನು. ಐದು ಷಿಲಿಂಗಿನ ಅಂಗಡಿಗಳ್ಳತನದ ಮಸೂದೆಯನ್ನು 1810ರಲ್ಲಿ ಪ್ರಭುಗಳು ತಿರಸ್ಕರಿಸಿದರು. ತಿರಸ್ಕರಿಸಿದವರಲ್ಲಿ ಆರ್ಚ್‌ಬಿಷಪ್ ಸಹಿತ ಏಳು ಮಂದಿ ಧರ್ಮಗುರುಗಳಿದ್ದರು! ದಯೆಯೇ ಧರ್ಮದ ಮೂಲವೆಂದು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರಬಹುದು.

ಸಣ್ಣ ವರ್ತಕ ಮಿತ್ರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. 1811ರಲ್ಲಿ ಬಟ್ಟೆ ಬಿಳುಪು ಮಾಡುವ ಮೈದಾನಗಳ ಮಾಲೀಕರೇ ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ಅವರು ಬೇಡಿದ್ದು ಇಷ್ಟೇ: ನಮ್ಮ ಮೈದಾನದಿಂದ ಬಟ್ಟೆ ಕದ್ದವನಿಗೆ ಗಲ್ಲು ಬೇಡ. 1830ರಲ್ಲಿ ಇನ್ನೂರಕ್ಕೂ ಹೆಚ್ಚು ಊರುಗಳ ಬ್ಯಾಂಕಿನವರು ಖೋಟಾ ಸಹಿಗೆ ಇದ್ದ ಗಲ್ಲನ್ನು ತೆಗೆಯಿರೆಂದು ಬೇಡಿದರು. ಇವರೇನು ಸಂತರೇ? ಅಲ್ಲ. ವ್ಯಾಪಾರಿಗಳು, ಲೆಕ್ಕ ಬಲ್ಲವರು. ಶಿಕ್ಷೆ ಅತಿ ಕ್ರೂರವಾದಷ್ಟೂ ಶಿಕ್ಷೆಯಾಗುವುದೇ ಅಪರೂಪವಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಮನೆಯಿಂದ ನಲವತ್ತು ಷಿಲಿಂಗ್ ಕದ್ದರೆ ಗಲ್ಲು ಎಂದಾಗ ಜ್ಯೂರಿಯವರು ಮಾಲಿನ ಬೆಲೆ ಎಷ್ಟೇ ಇರಲಿ, ಮೂವತ್ತೊಂಬತ್ತೇ ಷಿಲಿಂಗ್ ಎಂದು ತೀರ್ಪು ಕೊಡುತ್ತಿದ್ದರು. ಕಳ್ಳನನ್ನು ಕೊಲ್ಲಿಸುವ ಮನಸ್ಸಿಲ್ಲದೆ ಸಾಕ್ಷಿದಾರನೇ ಕೋರ್ಟಿಗೆ ಹೋಗುತ್ತಿರಲಿಲ್ಲ. ಕ್ರೂರವಾದ ಕಾಯಿದೆ ಅಂಗಡಿಕಾರನನ್ನು ಕಾಯಲಿಲ್ಲ. "ಇನ್ನೂ ಬಿಗಿ, ಇನ್ನೂ ಬಿಗಿ" ಎಂದು ಇಂದಿಗೂ ಕೂಗುವವರಿಗೆ ಆ ಕಾಲದ ವರ್ತಕರೇ ಉತ್ತರ ಕೊಟ್ಟಿದ್ದಾರೆ.

ಹುಟ್ಟಿನಿಂದಲೇ ಅಪರಾಧಿ!

ಈಗ ನಮ್ಮ ನಾಡಿಗೆ ಬರೋಣ. 1830ರ ದಶಕದಲ್ಲಿ ಕಂಪನಿ ಸರಕಾರದ ಸ್ಲೀಮನ್ ಸಾಹೇಬನು ಥಗ್ಗರನ್ನು ಹತ್ತಿಕ್ಕುವ ದೊಡ್ಡ ಚಳವಳಿಯನ್ನೇ ಹೂಡಿದನು. ದಾರಿಹೋಕರ ಕೊಲೆಗಳನ್ನು ತಡೆಯಬೇಕಾಗಿತ್ತು, ನಿಜ. ಆದರೆ 1836ರ ಕಾಯಿದೆ ಹೇಳಿದ್ದೇನು? ಒಬ್ಬನು ಇಂಥ ಕೊಲೆಯನ್ನೇ ಮಾಡಿದನೆಂದು ರುಜುವಾತು ಮಾಡಬೇಕಾಗಿಲ್ಲ. ಅವನು ಥಗ್ಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಜೀವಾವಧಿ ಶಿಕ್ಷೆ. ಕೃತ್ಯಕ್ಕೆ ಶಿಕ್ಷೆ ಎಂಬ ನ್ಯಾಯವು ಕುಲಕ್ಕೆ ಶಿಕ್ಷೆ ಎಂಬ ಅನ್ಯಾಯದತ್ತ ಹೊರಳಿದ್ದು ಇಲ್ಲಿಂದ.

1857ರ ಮಹಾ ಬಂಡಾಯದ ಮೇಲೆ ಬ್ರಿಟಿಷರಿಗೆ ತಿರುಗಾಡುವ ಜನರೆಂದರೆ ಅಂಜಿಕೆ. 1861ರಲ್ಲಿ ಪೊಲೀಸು ಕಾಯಿದೆ ಬಂತು. ಅದರ ಗುರಿ ಜನರ ಸೇವೆಗಿಂತ ಜನರ ಕಾವಲು. 1871ರಲ್ಲಿ "ಅಪರಾಧಿ ಬುಡಕಟ್ಟುಗಳ ಕಾಯಿದೆ" ಬಂತು. ಒಂದು ಜಾತಿಯನ್ನೇ ಅಪರಾಧಿಗಳೆಂದು ಸರಕಾರ ಘೋಷಿಸಬಹುದು. ಆ ಘೋಷಣೆಯನ್ನು ಯಾವ ಕೋರ್ಟೂ ಪ್ರಶ್ನಿಸಕೂಡದು. ಆ ಜಾತಿಯವನು ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಪಾಸಿಲ್ಲದೆ ಊರು ಬಿಡಕೂಡದು. 1911ರಲ್ಲಿ ಇದನ್ನು ಮದ್ರಾಸು, ಮುಂಬಯಿ ಇಲಾಖೆಗಳಿಗೂ ಹಬ್ಬಿಸಿದರು. 1924ರಲ್ಲಿ ಮತ್ತಷ್ಟು ಭದ್ರಗೊಳಿಸಿದರು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳನ ಮಗ ಕಳ್ಳ ಎಂಬ ತರ್ಕವನ್ನು ಅವರು ನಮ್ಮ ಜಾತಿಪದ್ಧತಿಯಿಂದಲೇ ಎರವಲು ತೆಗೆದುಕೊಂಡರು. ಪರಂಗಿಯವನಿಗೂ ನಮ್ಮ ಮೇಲುಜಾತಿಗೂ ಇಷ್ಟು ಬೇಗ ಒಮ್ಮತವಾದ ವಿಷಯ ಮತ್ತೊಂದಿಲ್ಲ.

ಯಾರು ಈ "ಅಪರಾಧಿಗಳು"? ನಮ್ಮ ಕಡೆಯ ಕೊರಮ, ಕೊರಚರನ್ನೇ ನೋಡಿರಿ. ಕತ್ತೆ ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಕರಾವಳಿಗೆ ಸಾಗಿಸಿ ಬದುಕಿದ ಜನ. ಅಂದರೆ ಸಣ್ಣ ವ್ಯಾಪಾರಿಗಳು! ರೈಲು ಬಂತು, ಸಾಗಣೆ ಹೋಯಿತು. ಸರಕಾರ ಉಪ್ಪಿನ ವ್ಯವಹಾರವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ವ್ಯಾಪಾರ ಹೋಯಿತು. ಅರಣ್ಯ ಕಾಯಿದೆ ಬಂತು. ಬುಟ್ಟಿಗೆ ಬಿದಿರು, ದನಕ್ಕೆ ಮೇವು ಹೋಯಿತು. ಬದುಕನ್ನು ಕಿತ್ತುಕೊಂಡ ಮೇಲೆ ಅಲೆದಾಡುವುದೇ ಅಪರಾಧವೆಂದು ಹೆಸರಿಟ್ಟರು. ಉಪ್ಪಿನ ವ್ಯಾಪಾರವನ್ನು ಮುಳುಗಿಸಿದ ಸರಕಾರದ ಮೇಲೆ ಯಾವ ನೋಂದಣಿ ಪುಸ್ತಕದಲ್ಲೂ ಹೆಬ್ಬೆಟ್ಟು ಒತ್ತಿಸಲಿಲ್ಲ.

ಗಿರಣಿ ಕಾಮಗಾರರಿಗೆ ಇಲ್ಲಿಯೇ ಮುಖ್ಯವಾದ ಪಾಠವಿದೆ. ಈ ಜನರನ್ನು "ಸುಧಾರಿಸುವ" ಸಲುವಾಗಿ ಸೊಲ್ಲಾಪುರ, ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ವಸಾಹತುಗಳನ್ನು ಕಟ್ಟಿದರು. ಹುಬ್ಬಳ್ಳಿ ಗದಗಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಹಲವು ಕಡೆ ಪಾದ್ರಿಗಳು, ದಯಾಳುಗಳು ಈ ಕೆಲಸಕ್ಕೆ ನಿಂತರು. ಶಾಲೆ ತೆರೆದರು, ಔಷಧ ಕೊಟ್ಟರು. ಅವರಲ್ಲಿ ಒಳ್ಳೆಯ ಮನಸ್ಸಿನವರಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ವಸಾಹತಿನ ಜನ ದುಡಿದದ್ದು ಎಲ್ಲಿ? ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ. ಆಂಧ್ರದ ಸ್ಟೂವರ್ಟ್‌ಪುರಂ ವಸಾಹತಿನವರು ಚೀರಾಲದ ತಂಬಾಕು ಕಾರಖಾನೆಯಲ್ಲಿ. ಪಾಸಿಲ್ಲದೆ ಹೊರಗೆ ಹೋಗಲಾರದ ಕೂಲಿಯಾಳು ಹೆಚ್ಚು ಕೂಲಿ ಕೇಳಿಯಾನೇ? ಮುಷ್ಕರ ಹೂಡಿಯಾನೇ? ಗಿರಣಿ ಬಿಟ್ಟರೆ ಜೈಲು ಎಂಬ ಸ್ಥಿತಿಗಿಂತ ಮಾಲೀಕನಿಗೆ ಬೇರೆ ಸ್ವರ್ಗವುಂಟೇ? ಮೇಲಿನಿಂದ ಇಳಿದ ಸುಧಾರಣೆ ಕೊನೆಗೆ ಹೀಗೆ ಅಗ್ಗದ ಕೂಲಿಯಾಗಿ ಮಾಲೀಕನ ಜೇಬು ಸೇರಿತು.

ಕೆಳಗಿನಿಂದ ಎದ್ದ ಚಳವಳಿ

ಈ ಕಾಯಿದೆಯ ವಿರುದ್ಧವೂ ಚಳವಳಿ ನಡೆಯಿತು. ಅದು ಹುಟ್ಟಿದ್ದು ಸಾಹೇಬರ ಬಂಗಲೆಯಲ್ಲಲ್ಲ. 1920ರ ಏಪ್ರಿಲಿನಲ್ಲಿ ಮಧುರೆಯ ಬಳಿಯ ಪೆರುಂಗಾಮನಲ್ಲೂರಿನ ಕಳ್ಳರ್ ಜನಾಂಗದವರು ಹೆಸರು ನೋಂದಾಯಿಸಲು, ಬೆರಳಚ್ಚು ಒತ್ತಲು ನಿರಾಕರಿಸಿದರು. ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬ್ಯಾರಿಸ್ಟರ್ ಜಾರ್ಜ್ ಜೋಸೆಫ್ ಅವರ ಪರವಾಗಿ ನಿಂತರು. ಮುತ್ತುರಾಮಲಿಂಗ ತೇವರ್ ಊರೂರು ಸುತ್ತಿ ಕಾಯಿದೆಯ ರದ್ದತಿಗೆ ಹೋರಾಡಿದರು. ಮದ್ರಾಸು 1947ರಲ್ಲಿ ಅದನ್ನು ಕೈಬಿಟ್ಟಿತು. ಅನಂತಶಯನಂ ಅಯ್ಯಂಗಾರರ ಸಮಿತಿಯ ವಿಚಾರಣೆಯ ಮೇಲೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ರದ್ದಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ಬಿಡುಗಡೆ ಕಂಡ ಲಕ್ಷಾಂತರ ಜನ ತಮ್ಮನ್ನು "ವಿಮುಕ್ತ"ರೆಂದು ಕರೆದುಕೊಂಡರು.

ಎರಡನ್ನೂ ಹೋಲಿಸಿ ನೋಡಿರಿ. ಒಂದು ಚಳವಳಿ ಆಳುವವರ ಭಯದಿಂದ ಹುಟ್ಟಿತು. ಇನ್ನೊಂದು ಆಳಿಸಿಕೊಂಡವರ ಅವಮಾನದಿಂದ. ಒಂದರ ಗುರಿ ಜನರನ್ನು ಕಟ್ಟಿಹಾಕುವುದು. ಇನ್ನೊಂದರ ಗುರಿ ಯಾರನ್ನೇ ಆಗಲಿ ಅವನು ಮಾಡಿದ ಕೃತ್ಯದಿಂದಲೇ ಅಳೆಯಬೇಕು, ಹುಟ್ಟಿನಿಂದಲ್ಲ ಎಂಬ ನ್ಯಾಯ. ಒಂದು ಗೆದ್ದಾಗ ಪೊಲೀಸು ಪಟೇಲನ ಕೈ ಬಲವಾಯಿತು. ಇನ್ನೊಂದು ಗೆದ್ದಾಗ ಬಡವ ಪಾಸಿಲ್ಲದೆ ಊರಿಂದೂರಿಗೆ ನಡೆದ.

ಆದರೆ ಆಳುವವರು ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಡುತ್ತಾರೆ. ರಾಜ್ಯ ರಾಜ್ಯಗಳಲ್ಲಿ "ರೂಢಿಗತ ಅಪರಾಧಿಗಳ ಕಾಯಿದೆ" ಬಂತು. ಮೈಸೂರು ಸರಕಾರದ್ದು 1961ರಲ್ಲಿ. ಜಾತಿಯ ಹೆಸರು ಹೋಯಿತು, ಪೊಲೀಸು ಠಾಣೆಯ ಪಟ್ಟಿ ಉಳಿಯಿತು. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ವಿಮುಕ್ತ ಜನಾಂಗದ ಬಡವನು ಪೊಲೀಸರ ವಶದಲ್ಲಿ ಸತ್ತನು. ಲೇಖಕಿ ಮಹಾಶ್ವೇತಾ ದೇವಿ ಹೈಕೋರ್ಟಿನವರೆಗೆ ಹೋರಾಡಬೇಕಾಯಿತು. ಜೈಲುಗಳಲ್ಲಿ ಜಾತಿ ನೋಡಿ ಅಡಿಗೆ, ಗುಡಿಸುವಿಕೆ ಹಂಚುವ ನಿಯಮಗಳನ್ನೂ, ವಿಮುಕ್ತರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ನಿಯಮಗಳನ್ನೂ ಸುಪ್ರೀಮ್ ಕೋರ್ಟು ತಳ್ಳಿಹಾಕಿದುದು 2024ರ ಅಕ್ಟೋಬರಿನಲ್ಲಿ, ಒಬ್ಬ ಪತ್ರಕರ್ತೆ ದಾವೆ ಹೂಡಿದ ಮೇಲೆ. 1952ರಿಂದ ಲೆಕ್ಕ ಹಾಕಿರಿ: ಎಪ್ಪತ್ತೆರಡು ವರ್ಷ!

ಹುಟ್ಟು ಒಂದು, ಗುರಿ ಇನ್ನೊಂದಾದಾಗ

"ಹಾಗಾದರೆ ಕೆಳಗಿನಿಂದ ಎದ್ದದ್ದೆಲ್ಲ ಒಳ್ಳೆಯದು, ಮೇಲಿನಿಂದ ಬಂದದ್ದೆಲ್ಲ ಕೆಟ್ಟದ್ದು ಎನ್ನುವಿರಾ?" ಎಂದು ಯಾರಾದರೂ ಕೇಳಬಹುದು. ಅಷ್ಟು ಸುಲಭವಾಗಿದ್ದರೆ ಮೂರು ಪ್ರಶ್ನೆಗಳೇಕೆ, ಒಂದೇ ಸಾಕಾಗುತ್ತಿತ್ತು. ಮಕ್ಕಳ ಕಳ್ಳನೆಂಬ ಗಾಳಿಮಾತು ನಂಬಿ ದಾರಿಹೋಕನನ್ನು ಹೊಡೆದು ಕೊಲ್ಲುವ ಗುಂಪೂ ಬಡವರದೇ. ಇನ್ನೊಂದೆಡೆ, 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ದುಃಸ್ಥಿತಿಯನ್ನು ಬಯಲಿಗೆ ತರಲು ಕಾರಣನಾದವನು ಒಬ್ಬ ಹಿರಿಯ ಪೊಲೀಸು ಅಧಿಕಾರಿ, ರುಸ್ತಮ್‌ಜಿ. ಅವರು ಕಂಡು ಬರೆದುದು ಪತ್ರಿಕೆಯಲ್ಲಿ ಬಂತು. ಕಪಿಲಾ ಹಿಂಗೊರಾನಿ ಎಂಬ ವಕೀಲೆ ಸುಪ್ರೀಮ್ ಕೋರ್ಟಿಗೆ ಒಯ್ದರು. ಶಿಕ್ಷೆಯಾಗಿದ್ದರೆ ಕಳೆಯಬೇಕಾಗಿದ್ದ ಅವಧಿಗಿಂತ ಹೆಚ್ಚು ಕಾಲ ಶಿಕ್ಷೆಯೇ ಇಲ್ಲದೆ ಜೈಲಿನಲ್ಲಿ ಕೊಳೆತವರಿದ್ದರು. ಬೇಗ ವಿಚಾರಣೆಯಾಗುವುದು ಪ್ರಜೆಯ ಮೂಲಭೂತ ಹಕ್ಕೆಂದು ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಕೋರ್ಟು ಹೇಳಿತು. ಸಾವಿರಾರು ಜನ ಹೊರಬಂದರು. ಹುಟ್ಟು ಮೇಲಿನದಾದರೂ ಗುರಿ ಕೆಳಗಿನವನ ಬಿಡುಗಡೆಯಾಗಿತ್ತು.

ಅದೇ 1979ರಲ್ಲಿ ಇನ್ನೊಂದು ಕಿಡಿ ಹೊತ್ತಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 1972ರಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಠಾಣೆಯೊಳಗೇ ಅತ್ಯಾಚಾರ ಮಾಡಿದ ಆರೋಪ ಹೊತ್ತ ಪೊಲೀಸರನ್ನು ಸುಪ್ರೀಮ್ ಕೋರ್ಟು ಖುಲಾಸೆ ಮಾಡಿತ್ತು; ಹುಡುಗಿಯ ಮೈಮೇಲೆ ಗಾಯವಿಲ್ಲದ್ದರಿಂದ ಆಕೆ ಒಪ್ಪಿರಬೇಕೆಂಬುದು ವಾದ! ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು; ಮಹಿಳಾ ಸಂಘಗಳು ಬೀದಿಗಿಳಿದವು. 1983ರಲ್ಲಿ ಕಾಯಿದೆ ಬದಲಾಯಿತು: ಪೊಲೀಸು ವಶದಲ್ಲಿದ್ದ ಹೆಂಗಸು "ನಾನು ಒಪ್ಪಿರಲಿಲ್ಲ" ಎಂದರೆ ಕೋರ್ಟು ಆಕೆಯ ಮಾತನ್ನು ಮೊದಲು ನಂಬತಕ್ಕದ್ದು. ಇದೂ ಬಿಗಿಯಾದ ಕಾಯಿದೆಯೇ. ಆದರೆ ಯಾರ ಮೇಲೆ ಬಿಗಿ? ಲಾಠಿ ಹಿಡಿದವನ ಮೇಲೆ. ಬಿಗಿಯಾದ ಕಾಯಿದೆಯನ್ನೆಲ್ಲ ನಾವು ವಿರೋಧಿಸುವವರಲ್ಲ. ಬಿಗಿ ಯಾರ ಕೊರಳಿಗೆ ಎಂಬುದೇ ಪ್ರಶ್ನೆ.

2012ರ ಡಿಸೆಂಬರಿನಲ್ಲಿ ದಿಲ್ಲಿಯ ಭೀಕರ ಅತ್ಯಾಚಾರದ ಮೇಲೆ ದೇಶವೇ ಎದ್ದಿತು. ಒಂದೇ ಚಳವಳಿಯಲ್ಲಿ ಎರಡು ಗುರಿಗಳಿದ್ದುದನ್ನು ಆಗ ನೋಡಿದೆವು. "ಗಲ್ಲಿಗೆ ಹಾಕಿ" ಎಂಬುದು ಒಂದು ಕೂಗು. ಹೆಣ್ಣು ನಿರ್ಭಯವಾಗಿ ಓಡಾಡುವ ಬೀದಿ, ದೂರು ಬರೆದುಕೊಳ್ಳುವ ಪೊಲೀಸು, ಮನೆಯೊಳಗೂ ಹೆಂಡತಿಗೆ ನ್ಯಾಯ, ಸೈನ್ಯದ ವಿಶೇಷಾಧಿಕಾರದ ಮರುವಿಚಾರ ಎಂಬುದು ಇನ್ನೊಂದು. ನ್ಯಾಯಮೂರ್ತಿ ವರ್ಮಾ ಸಮಿತಿ ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ಗಲ್ಲು ಬೇಡವೆಂದಿತು; ಪೊಲೀಸು ಸುಧಾರಣೆ ಬೇಕೆಂದಿತು. ಸರಕಾರ ಮಾಡಿದ್ದೇನು? ಕೆಲವು ಒಳ್ಳೆಯ ಅಂಶಗಳನ್ನು ಸೇರಿಸಿತು, ನಿಜ. ಆದರೆ ಬೇಡವೆಂದ ಗಲ್ಲನ್ನು ಫೆಬ್ರುವರಿಯ ಸುಗ್ರೀವಾಜ್ಞೆಯಲ್ಲೇ ತಂದಿತು, ಬೇಕೆಂದ ಪೊಲೀಸು ಸುಧಾರಣೆಯನ್ನು ಬದಿಗಿಟ್ಟಿತು. ಗಲ್ಲಿಗೆ ಖರ್ಚಿಲ್ಲ, ಆಳುವವನ ಅಧಿಕಾರಕ್ಕೆ ಕುಂದಿಲ್ಲ. ಬೀದಿದೀಪ, ಬಸ್ಸು, ಮಹಿಳಾ ಪೊಲೀಸು, ಬೇಗ ನಡೆಯುವ ಕೋರ್ಟು ಇವಕ್ಕೆ ಹಣ ಬೇಕು, ಮನಸ್ಸು ಬೇಕು. ರಾತ್ರಿ ಪಾಳಿ ಮುಗಿಸಿ ಕತ್ತಲ ದಾರಿಯಲ್ಲಿ ನಡೆಯುವ ಗಿರಣಿಯ ಹೆಣ್ಣುಮಗಳನ್ನು ಕೇಳಿರಿ, ಆಕೆಗೆ ಬೇಕಾದದ್ದು ಯಾವುದೆಂದು.

ಎಣಿಸದೆ ಬಿಟ್ಟ ಅಪರಾಧ

ಇನ್ನು ಎರಡನೆಯ ಪ್ರಶ್ನೆ: ಯಾವುದನ್ನು ಅಪರಾಧವೆಂದು ಎಣಿಸದೆ ಬಿಡುತ್ತಾರೆ? 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. 1996ರಲ್ಲಿ ಸುಪ್ರೀಮ್ ಕೋರ್ಟು ಆರೋಪವನ್ನು ಅಜಾಗರೂಕತೆಯ ಮಟ್ಟಕ್ಕೆ ಇಳಿಸಿತು. 2010ರ ಜೂನಿನಲ್ಲಿ, ಇಪ್ಪತ್ತೈದು ವರ್ಷ ಕಳೆದ ಮೇಲೆ, ಭಾರತದ ಕಂಪನಿಯ ಅಧಿಕಾರಿಗಳಿಗೆ ಎರಡೆರಡು ವರ್ಷದ ಶಿಕ್ಷೆ, ಕೂಡಲೇ ಜಾಮೀನು. ಅಮೇರಿಕದ ಮುಖ್ಯಸ್ಥ ಆ್ಯಂಡರ್ಸನ್ ಒಂದು ದಿನವೂ ವಿಚಾರಣೆಗೆ ನಿಲ್ಲದೆ 2014ರಲ್ಲಿ ಸತ್ತನು. ಇದಕ್ಕಾಗಿ "ಬಿಗಿ ಕಾಯಿದೆ" ಎಂದು ಕೂಗಿದ ವರ್ತಕ ಮಹಾಮಂಡಳಿ ಯಾವುದು? ಕೂಗಿದವರು ಉಸಿರು ಕಟ್ಟಿದ ಭೋಪಾಲಿನ ಹೆಂಗಸರೇ.

ಬೇರೊಂದು ಚಳವಳಿ ಸದ್ದಿಲ್ಲದೆ ನಡೆದು ಗೆದ್ದಿತು. ಉದ್ಯಮಪತಿಗಳು "ಸಣ್ಣ ತಪ್ಪಿಗೆಲ್ಲ ಜೈಲೇಕೆ, ದಂಡ ಸಾಲದೇ?" ಎಂದರು. 2023ರಲ್ಲಿ "ಜನ ವಿಶ್ವಾಸ" ಕಾಯಿದೆ ಬಂತು: 42 ಕಾಯಿದೆಗಳ 183 ಕಲಮುಗಳನ್ನು ಅಪರಾಧದ ಪಟ್ಟಿಯಿಂದ ತೆಗೆದರು, ಇಲ್ಲವೆ ಸಡಿಲಗೊಳಿಸಿದರು. ಮಟ್ಟ ಕೆಟ್ಟ ಔಷಧ ತಯಾರಿಸಿದ ಕೆಲವು ಪ್ರಕರಣಗಳಲ್ಲಿ ಹಣ ಕಟ್ಟಿ ರಾಜಿಯಾಗಲು ದಾರಿಯಾಯಿತು. ಇವುಗಳಲ್ಲಿ ಕೆಲವು ಸಣ್ಣ ವರ್ತಕನಿಗೂ ಅನುಕೂಲವೇ. ಇನ್‌ಸ್ಪೆಕ್ಟರನ ಕಾಟ ಬಲ್ಲವರಾರೂ ಅಲ್ಲಗಳೆಯರು. ಎಲ್ಲ ತಪ್ಪಿಗೂ ಜೈಲು ಮದ್ದಲ್ಲ ಎಂಬ ತತ್ತ್ವವನ್ನು ನಾವೂ ಒಪ್ಪುತ್ತೇವೆ. ನಾವು ಕೇಳುವುದು ಇಷ್ಟೇ: ಕಾರಖಾನೆದಾರನಿಗೆ ಒಪ್ಪುವ ತತ್ತ್ವ ಸೈಕಲ್ ಕದ್ದ ಹುಡುಗನಿಗೆ ಏಕೆ ಒಪ್ಪದು? 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಐದು ಸಾವಿರ ರೂಪಾಯಿಗೆ ಕಡಿಮೆಯ ಮೊದಲ ಕಳವಿಗೆ, ಮಾಲು ಹಿಂದಿರುಗಿಸಿದರೆ, ಸಮುದಾಯ ಸೇವೆಯ ಶಿಕ್ಷೆಯಿದೆ, ಒಳ್ಳೆಯದು. ಅದೇ ಸಂಹಿತೆಯಲ್ಲಿ "ಸಣ್ಣ ಸಂಘಟಿತ ಅಪರಾಧ" ಎಂಬ ಅಗಲವಾದ ಬಲೆಯೂ ಇದೆ. ಗುಂಪಾಗಿ ಜೇಬು ಕತ್ತರಿಸಿದವರಿಗೂ ಅಕ್ರಮವಾಗಿ ಟಿಕೇಟು ಮಾರಿದವರಿಗೂ ಏಳು ವರ್ಷದವರೆಗೆ ಜೈಲು. ಈ ಬಲೆಗೆ ಬೀಳುವ ಮೀನು ಯಾವ ಗಾತ್ರದ್ದೆಂದು ಊಹಿಸಲು ಪಂಡಿತರು ಬೇಕಿಲ್ಲ.

ಜೈಲಿನ ಲೆಕ್ಕವನ್ನೂ ನೋಡಿರಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆಯೇ ಮುಗಿಯದವರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ಕಾಯಿದೆಯ ದೃಷ್ಟಿಯಲ್ಲಿ ನಿರಪರಾಧಿಗಳು! ಮೊದಲ ಸಲ ಸಿಕ್ಕಿಬಿದ್ದವನು ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದರೆ ಬಿಡಬೇಕೆಂದು, ಕೆಲವು ವಿನಾಯಿತಿಗಳೊಡನೆ, ಹೊಸ ಕಾಯಿದೆ ಹೇಳುತ್ತದೆ. ಆದರೆ ಜಾಮೀನಿಗೆ ಹಣವಿಲ್ಲದವನಿಗೆ ಆ ಕಲಮನ್ನು ಓದಿ ಹೇಳುವವರು ಯಾರು?

ಅಂಗಡಿಕಾರ ಮಿತ್ರರಿಗೆ ಒಂದು ಮಾತು

"ಇದೆಲ್ಲ ಸರಿ, ರಾತ್ರಿ ನನ್ನ ಅಂಗಡಿಯ ಬೀಗ ಮುರಿದರೆ ಏನು ಮಾಡಲಿ?" ಎಂದು ಕಿರಾಣಿ ಅಂಗಡಿಯವರು ಕೇಳುವುದು ನ್ಯಾಯವೇ. ಸಣ್ಣ ವರ್ತಕನಿಗೆ ಒಂದು ರಾತ್ರಿಯ ಕಳವು ಎಂದರೆ ಆರು ತಿಂಗಳ ಸಾಲ. ಅದನ್ನು ಹಗುರ ಮಾಡಿ ಮಾತನಾಡುವವರು ನಾವಲ್ಲ. ಆದರೆ ಬೀಗ ಮುರಿದ ಮರುದಿನ ಏನಾಗುತ್ತದೆ? ಕಳ್ಳನನ್ನು ಹುಡುಕುವ ಬದಲು ಊರಾಚೆಯ ಕೇರಿಗೆ ವ್ಯಾನು ಹೋಗುತ್ತದೆ. ಹಳೆಯ ಪಟ್ಟಿಯಲ್ಲಿನ ನಾಲ್ವರು ಬರುತ್ತಾರೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ನಿಮ್ಮ ಮಾಲು ಮಾತ್ರ ಬರುವುದಿಲ್ಲ. ಪಟ್ಟಿ ನೋಡಿ ಹಿಡಿಯುವ ಪೊಲೀಸನಿಗೆ ಸುಳಿವು ಹಿಡಿದು ಹುಡುಕುವ ಕೆಲಸವೇ ಮರೆತುಹೋಗುತ್ತದೆ. 1871ರ ಬುದ್ಧಿಯಿಂದ ನಷ್ಟ ಕೇರಿಯ ಬಡವನಿಗೆ ಮಾತ್ರವಲ್ಲ, ನಿಮಗೂ ಉಂಟು.

ಇಷ್ಟೇ ಅಲ್ಲ. ಇಂದು ಇನ್ನೊಬ್ಬನ ಮೇಲೆ ಬೀಸಿದ ಲಾಠಿ ನಾಳೆ ನಿಮ್ಮ ಕಡೆಗೆ ತಿರುಗದೆಂದು ಯಾವ ಭರವಸೆ? ತಳ್ಳುಗಾಡಿಯವನು ಬಹುಕಾಲ ರಸ್ತೆ ಅತಿಕ್ರಮಿಸಿದ ಅಪರಾಧಿಯೇ ಆಗಿದ್ದನು. ಹಫ್ತಾ ಕೊಟ್ಟು ಬದುಕುತ್ತಿದ್ದನು. ಬೀದಿ ವ್ಯಾಪಾರಿಗಳ ಸಂಘಗಳು ವರ್ಷಗಟ್ಟಲೆ ಹೋರಾಡಿದುದರಿಂದ 2014ರ ಕಾಯಿದೆ ಬಂತು. ಸಮೀಕ್ಷೆಯಾಗದೆ ಎಬ್ಬಿಸಕೂಡದು, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತು ಮಂದಿಯಾದರೂ ಬೀದಿ ವ್ಯಾಪಾರಿಗಳೇ ಇರಬೇಕು ಎಂದಾಯಿತು. ಅಪರಾಧವೆನಿಸಿದ್ದ ಹೊಟ್ಟೆಪಾಡು ಹಕ್ಕಾಯಿತು. ಆರೋಪ ಬಂದವನ ಮನೆಯನ್ನು ಬುಲ್‌ಡೋಜರಿನಿಂದ ಕೆಡವಿ ಚಪ್ಪಾಳೆ ಗಿಟ್ಟಿಸುವ ಹೊಸ ಪದ್ಧತಿಗೆ 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟು ತಡೆ ಹಾಕಿತು: ಹದಿನೈದು ದಿನದ ನೋಟೀಸಿಲ್ಲದೆ ಕೆಡವಕೂಡದು, ಆರೋಪವೊಂದೇ ಕಾರಣವಾಗಕೂಡದು. ನೋಟೀಸಿಲ್ಲದೆ ಒಬ್ಬನ ಮನೆ ಬೀಳಬಹುದಾದರೆ ನೋಟೀಸಿಲ್ಲದೆ ನಿಮ್ಮ ಅಂಗಡಿಯೂ ಬೀಳಬಹುದು. ಚಪ್ಪಾಳೆ ತಟ್ಟಿದ ಕೈಗಳು ಆಗ ತಲೆಯ ಮೇಲೆ ಇರುತ್ತವೆ.

ಆದುದರಿಂದ ಬಂಧುಗಳೇ, ಮುಂದಿನ ಸಲ ಅಪರಾಧದ ಹೆಸರಿನ ಅರ್ಜಿ ನಿಮ್ಮ ಗಿರಣಿಯ ಬಾಗಿಲಿಗೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಕ್ಕೋ ಬಂದಾಗ ಪೆನ್ನು ತೆಗೆಯುವ ಮೊದಲು ತಂದವರನ್ನು ಕೇಳಿರಿ. ಇದನ್ನು ಬರೆದವರು ಯಾರು? ಇದರಲ್ಲಿ ಕಲಬೆರಕೆ ಔಷಧ, ಕಾರಖಾನೆಯ ಸಾವು, ಲಾಕಪ್ಪಿನ ಹೊಡೆತ, ತುಂಬದ ಪ್ರಾವಿಡೆಂಟ್ ಫಂಡು ಇವೂ ಅಪರಾಧವೆಂದು ಸೇರಿವೆಯೇ, ಅಥವಾ ಕೇರಿಯವನ ಕಳವು ಮಾತ್ರವೇ? ಇದು ಗೆದ್ದರೆ ಬೇಗ ನಡೆಯುವ ಕೋರ್ಟು, ಲೆಕ್ಕ ಒಪ್ಪಿಸುವ ಪೊಲೀಸು, ಬೆಳಕಿರುವ ಬೀದಿ ಬರುತ್ತದೆಯೇ, ಅಥವಾ ಠಾಣೆಯ ಪಟ್ಟಿಗೆ ಇನ್ನು ನಾಲ್ಕು ಹಾಳೆ ಸೇರುತ್ತವೆಯೇ?

ತೃಪ್ತಿಕರವಾದ ಉತ್ತರ ಬಂದರೆ ಸಂತೋಷದಿಂದ ಸಹಿ ಮಾಡಿರಿ, ಹತ್ತು ಜನರಿಂದ ಮಾಡಿಸಿರಿ. ಬಾರದಿದ್ದರೆ ಅರ್ಜಿಯನ್ನು ಮಡಿಸಿ ಹಿಂದಕ್ಕೆ ಕೊಡಿರಿ. ಹಮಾಲನನ್ನು ಕಳ್ಳನನ್ನಾಗಿ, ಉಪ್ಪಿನ ವ್ಯಾಪಾರಿಯನ್ನು ಹುಟ್ಟು ಅಪರಾಧಿಯನ್ನಾಗಿ ಮಾಡಿದ ಪಟ್ಟಿಗಳಿಗೆ ಈ ದೇಶದಲ್ಲಿ ಸಹಿಗಳ ಕೊರತೆ ಎಂದೂ ಆಗಿರಲಿಲ್ಲ. ನಮ್ಮ ಸಹಿ ಅವುಗಳ ಕೆಳಗೆ ಬೀಳಕೂಡದು.